ಬದನೆ ಹೂವಿನ ನೋಟು

ಅವ್ವನಿಗೆ ಓದಲು ಬರುವುದಿಲ್ಲ, ಅಂಕಿಯೂ ತಿಳಿಯುವುದಿಲ್ಲ. ಸುರಪುರದ ಬಜಾರಿನಲ್ಲಿ ಅವಳದೊಂದು ಬಳೆ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿಕೊಂಡು ಬಂದಿದ್ದಾಳೆ. ಬಳೆಗಳನ್ನು ಹೇಗೆ ಬಣ್ಣ ನೋಡಿ ತೆಗೆದುಕೊಡುತ್ತಾಳೋ ನೋಟುಗಳನ್ನೂ ಹಾಗೆಯೇ. ನಾನು ಅವಳ ಜೊತೆಯಲ್ಲೇ ಇದ್ದೇನೆ, ಶಹಾಪುರದ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ತಾಯಿ ಮಗಳಿಬ್ಬರಿಗೂ ದಿನವಿಡೀ ನೋಟಿನದೇ ಕೆಲಸವಾದ್ದರಿಂದ ಊಟಕ್ಕೆ ಕುಳಿತಾಗ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಹಳೆಯ ನೋಟುಗಳು ಹೋಗಿ ಹೊಸವು ಒಂದೊಂದಾಗಿ ಬಂದಾಗ ನಾನು ಹೆದರಿದ್ದೆ. ಅವ್ವ ಹೆದರಲಿಲ್ಲ. ಪ್ರತಿ ನೋಟನ್ನೂ ಬಾಗಿಲ ಬೆಳಕಿಗೆ ಹಿಡಿದು, ಹೈದರಾಬಾದಿನ ವ್ಯಾಪಾರಿ ತಂದ ಹೊಸ ಬಳೆಯ ಮಾದರಿ ನೋಡುವಂತೆ ನೋಡಿ ಹೆಸರಿಟ್ಟಳು. ಐನೂರು ಬೂದಿ. ಇನ್ನೂರು ಅರಿಶಿಣ. ನೂರು ಬದನೆ ಹೂವು. ಹತ್ತು ಬೆಲ್ಲ. ಅಷ್ಟಾದ ಮೇಲೆ ವ್ಯಾಪಾರ ಮೊದಲಿನಂತೆಯೇ ನಡೆಯಿತು.

ತೊಂದರೆ ಶುರುವಾದದ್ದು ಕೆಲವು ವರ್ಷಗಳ ನಂತರ. ಚಿಲ್ಲರೆ ಕೊಡುವಾಗ ಹತ್ತರ ಬದಲು ನೂರು ಕೊಡತೊಡಗಿದಳು. ಕೆಲವರು ಹಿಂದಿರುಗಿಸಿದರು. ಉಳಿದವರಿಗೆ ಅಂಗಡಿಯ ಮೇಲೆ ಪ್ರೀತಿ ಹೆಚ್ಚಾಯಿತು. ಆ ಬೇಸಿಗೆಯಲ್ಲಿ ನಮ್ಮಲ್ಲಿ ಇದ್ದಷ್ಟು ಗಿರಾಕಿಗಳು ಇಡೀ ಬಜಾರಿನಲ್ಲಿ ಇರಲಿಲ್ಲ.

ಅವ್ವನಿಗೆ ಅರಳು ಮರಳು ಹಿಡಿದಿದೆ ಎಂದು ಬಂಧುಗಳು ತೀರ್ಮಾನಿಸಿದರು. ನನ್ನ ಗಂಡ ಕೊಂಕಲ್‌ನಲ್ಲಿ ಮೇಷ್ಟ್ರು. ಪರೀಕ್ಷೆ ಮಾಡದೆ ಏನನ್ನೂ ಒಪ್ಪುವವರಲ್ಲ. ಒಂದು ಭಾನುವಾರ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ನಮ್ಮ ಮದುವೆಗೆ ಯಾರು ಯಾರು ಬಂದಿದ್ದರು ಎಂದು ಕೇಳಿದರು. ಅವ್ವ ಎಲ್ಲರ ಹೆಸರು ಹೇಳಿದಳು. ಯಾರು ಏನು ಉಡುಗೊರೆ ತಂದರು, ಅಳಿಯನ ಕಡೆಯ ಯಾವ ಕಾಕಾ ಊಟ ಸರಿಯಿಲ್ಲವೆಂದು ಎದ್ದು ಹೋದರು ಎಂಬುದನ್ನೂ ಹೇಳಿದಳು. ಗಂಡ ಪರೀಕ್ಷೆಯನ್ನು ಅಲ್ಲಿಗೇ ಮುಗಿಸಿದರು.

ನಿಜ ಗೊತ್ತಾದದ್ದು ಅವಳು ಹೈದರಾಬಾದಿನ ವ್ಯಾಪಾರಿಯನ್ನು ಬೈಯುತ್ತಿದ್ದ ದಿನ. ನೇರಳೆ ಬಳೆ ಕೇಳಿದರೆ ಬರೀ ಕಂದು ಕಳಿಸಿದ್ದಾನೆ ಎಂಬುದು ಅವಳ ದೂರು. ನಾನು ಡಬ್ಬಿ ತೆರೆದು ನೋಡಿದೆ. ಒಳಗಿದ್ದವೆಲ್ಲ ನೇರಳೆ ಬಳೆಗಳೇ. ಗಲ್ಲಾಪೆಟ್ಟಿಗೆಯಿಂದ ನೂರರ ನೋಟೊಂದು, ಹತ್ತರ ನೋಟೊಂದು ತೆಗೆದು ಅವಳ ಮುಂದಿಟ್ಟೆ.

“ಅವ್ವ, ಇದರಾಗ ಬದನಿ ಹೂವು ಯಾವುದು?”

ಬಹಳ ಹೊತ್ತು ನೋಡಿದಳು. “ಎರಡೂ ಬೆಲ್ಲನ ಅದಾವಲ್ಲ. ಸರ್ಕಾರದವರು ಮತ್ತ ಬಣ್ಣ ಬದಲಿ ಮಾಡ್ಯಾರೇನು?”

ಸರ್ಕಾರ ಏನೂ ಮಾಡಿರಲಿಲ್ಲ. ಮರುದಿನ ರಜೆ ಹಾಕಿ ಅವಳನ್ನು ಯಾದಗಿರಿಯ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಪೊರೆ ಹಳದಿಯಾಗುತ್ತ ಹೋದಂತೆ ನೀಲಿ, ನೇರಳೆ ಎಲ್ಲ ಮಣ್ಣಿನ ಬಣ್ಣಕ್ಕೆ ತಿರುಗುತ್ತವಂತೆ. ನಿಧಾನವಾಗಿ ಆಗುವುದರಿಂದ ನೋಡುವವರಿಗೇ ಗೊತ್ತಾಗುವುದಿಲ್ಲವಂತೆ. ನನಗೆ ಸಮಾಧಾನವಾಯಿತು, ಹೊರಗೆ ಬಂದು ಸ್ವಲ್ಪ ಅತ್ತುಬಿಟ್ಟೆ ಕೂಡ. ಅವ್ವನಿಗೆ ಸಮಾಧಾನವಾಗಲಿಲ್ಲ. ಇಷ್ಟು ವರ್ಷ ಬಳೆ ಮಾರಿದವಳಿಗೆ ಬಣ್ಣ ಗೊತ್ತಿಲ್ಲ ಎಂದು ಒಬ್ಬ ಹುಡುಗ ಹೇಳುವುದು ಅವಳಿಗೆ ಸರಿ ಕಾಣಲಿಲ್ಲ. ಡಾಕ್ಟರಿಗೆ ಐವತ್ತು ದಾಟಿತ್ತು.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನದಿಂದ ಅವ್ವನಿಗೆ ಹೊಸ ಆಟ ಸಿಕ್ಕಿತು. ಒಂದು ಕಣ್ಣು ಮುಚ್ಚಿದರೆ ನೂರರ ನೋಟು ಬದನೆ ಹೂವು, ಇನ್ನೊಂದು ಮುಚ್ಚಿದರೆ ಬೆಲ್ಲ. ಬಂದವರಿಗೆಲ್ಲ ಇದನ್ನು ವಿವರಿಸಿದಳು. ನನ್ನನ್ನೂ ಎರಡೂ ಕಣ್ಣಿನಿಂದ ಬೇರೆ ಬೇರೆಯಾಗಿ ನೋಡಿ, ಹಳೆಯ ಕಣ್ಣಿಗೇ ನಾನು ಚೆಂದ ಕಾಣುತ್ತೇನೆ ಎಂದಳು. ಎರಡನೆಯ ಆಪರೇಷನ್ನಿಗೆ ಅವಸರವಿಲ್ಲ ಎಂದೂ ಹೇಳಿದಳು.

ಅದೇ ದಿನಗಳಲ್ಲಿ ಸುರಪುರದ ಚಿತ್ರಗಾರರೊಬ್ಬರು ನಮ್ಮ ಬ್ಯಾಂಕಿಗೆ ಬಂದರು. ಅವರ ಚಿತ್ರ ಕೊಂಡ ವಿದೇಶಿಯೊಬ್ಬ ಖುಷಿಯಾಗಿ ಡಾಲರಿನ ನೋಟು ಎರಡನ್ನು ಹೆಚ್ಚಿಗೆ ಕೊಟ್ಟು ಹೋಗಿದ್ದ. ನಮ್ಮ ಶಾಖೆಯಲ್ಲಿ ಅವನ್ನು ಬದಲಿಸಿ ಕೊಡುವುದಿಲ್ಲ, ಕಲಬುರಗಿಗೆ ಹೋಗಿ ಎಂದೆ. ಅವರು ಕಲಬುರಗಿಗೆ ಹೋಗಲಿಲ್ಲ. ಹೆಂಡತಿಗೆ ಬಳೆ ಕೊಳ್ಳಲು ಅವ್ವನ ಅಂಗಡಿಗೆ ಹೋದರು. ನಾನು ಸಂಜೆ ಬಸ್ಸಿಳಿದು ಬಂದಾಗ ಇನ್ನೂ ಅಲ್ಲಿಯೇ ಕುಳಿತಿದ್ದರು. ಅವ್ವ ಎರಡು ನೋಟನ್ನೂ ಬೆಳಕಿಗೆ ಹಿಡಿದು ಹೊಸ ಕಣ್ಣು, ಹಳೆ ಕಣ್ಣು ಬದಲಿಸಿ ಬದಲಿಸಿ ನೋಡುತ್ತಿದ್ದಳು.

“ಎರಡೂ ಒಂದ ಅದಾವ,” ಎಂದಳು.

“ಒಂದು ಬರೇ ಒಂದರದು ಅಕ್ಕಾ. ಇನ್ನೊಂದು ಇಪ್ಪತ್ತರದು,” ಎಂದರು ಚಿತ್ರಗಾರರು.

ಅವ್ವ ನನ್ನ ಕಡೆ ತಿರುಗಿದಳು. “ಹಂಗಾದ್ರ ಆ ದೇಶದಾಗ ಎಲ್ಲಾರ ಕಣ್ಣೂ ನೆಟ್ಟಗ ಅದಾವೇನು?”

ಓದಿ ತಿಳಿದುಕೊಂಡು ಮರುದಿನ ಹೇಳಿದೆ. ಕಣ್ಣು ಮಂದವಾದವರಿಗೆ, ಓದಲು ಬಾರದವರಿಗೆ, ಅವಸರದಲ್ಲಿ ಚಿಲ್ಲರೆ ಕೊಡುವವರಿಗೆ ಸುಲಭವಾಗಲೆಂದೇ ಬಹಳ ದೇಶಗಳು ಒಂದೊಂದು ನೋಟಿಗೆ ಒಂದೊಂದು ಬಣ್ಣ ಕೊಡುತ್ತವೆ. ಹೆಚ್ಚು ಬಣ್ಣವಿದ್ದರೆ ಖೋಟಾ ನೋಟು ಮಾಡುವವನಿಗೂ ಕೆಲಸ ಹೆಚ್ಚು. ಆ ದೇಶದವರು ಮಾತ್ರ ಹಳೆಯ ಹಸಿರನ್ನೇ ಇಟ್ಟುಕೊಂಡರು, ನೋಟಿನ ರೂಪ ಬದಲಾದರೆ ಜನಕ್ಕೆ ನಂಬಿಕೆ ಹೋದೀತೆಂದು. ಈಚೆಗೆ ಕೆಲವಕ್ಕೆ ಸ್ವಲ್ಪ ಬಣ್ಣ ಸೇರಿಸಿದ್ದಾರೆ ಎಂದೆ. ಆ ಬಣ್ಣ ತನ್ನ ಯಾವ ಕಣ್ಣಿಗೂ ಕಾಣಲಿಲ್ಲ ಎಂದಳು ಅವ್ವ. ಅಲ್ಲಿಯ ಕುರುಡರು ಏನು ಮಾಡುತ್ತಾರೆ ಎಂದು ಕೇಳಿದಳು. ಒಂದೊಂದು ನೋಟನ್ನು ಒಂದೊಂದು ರೀತಿ ಮಡಚಿ ಇಟ್ಟುಕೊಳ್ಳುತ್ತಾರಂತೆ ಎಂದೆ. “ಪಾಪ, ಮೊದಲ ಮಡಚಿ ಕೊಡವರು ಯಾರು ಅವರಿಗೆ?” ಎಂದಳು.

ಎರಡನೆಯ ಕಣ್ಣಿನ ಆಪರೇಷನ್ನಿಗೆ ಅವಳು ಒಪ್ಪಿದ್ದಕ್ಕೆ ಡಾಕ್ಟರೂ ಕಾರಣರಲ್ಲ, ನಾನೂ ಅಲ್ಲ. ಪ್ರತಿ ನೋಟಿಗೂ ಎಡಗಣ್ಣು ಮುಚ್ಚಿ ತೆರೆಯುವುದು ಅವಳಿಗೆ ರೂಢಿಯಾಗಿತ್ತು. ಹೆಂಡತಿಯ ಜೊತೆ ಬಂದ ಒಬ್ಬ ಯಜಮಾನರು, ಬಳೆ ಅಂಗಡಿಯ ಮುದುಕಿ ತನಗೆ ಕಣ್ಣು ಹೊಡೆದಳೆಂದು ಬಜಾರಿನಲ್ಲಿ ಹೇಳಿಕೊಂಡರು. ಸುದ್ದಿ ಅವ್ವನಿಗೂ ಮುಟ್ಟಿತು. ಅವಳು ನಗಲಿಲ್ಲ. ಆ ಮನುಷ್ಯನನ್ನು ತಾನು ಸರಿಯಾಗಿ ನೋಡಿಯೂ ಇರಲಿಲ್ಲ ಎಂದಳು. ಆ ವಾರವೇ ಯಾದಗಿರಿಗೆ ಹೋದೆವು.

ವಾಪಸು ಬರುವಾಗ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನ ಕಿಟಕಿಯ ಪಕ್ಕ ಕುಳಿತಳು. ಹಾಕಿಕೊಂಡೇ ಇರಬೇಕೆಂದು ಹೇಳಿ ಕಳಿಸಿದ್ದರು. ಆಗಾಗ ಅದರ ಅಂಚಿನಿಂದ, ಮೊದಲ ಸಲ ಎರಡೂ ಹೊಸ ಕಣ್ಣಿನಲ್ಲಿ, ಹೊರಗೆ ಇಣುಕುತ್ತಿದ್ದಳು, ನಾನು ನೋಡದವಳಂತೆ ಇದ್ದೆ. ಹತ್ತಿಯ ಹೊಲಗಳು ಮುಗಿದು ಶಹಾಪುರದ ಬೆಟ್ಟ ಕಂಡಿತು.

“ಮುಗಿಲು ಮೊದಲಿಂದ ಇಷ್ಟ ನೀಲಿ ಇತ್ತೇನು?” ಎಂದು ಕೇಳಿದಳು.

“ಇತ್ತವ್ವ.”

“ಒಬ್ಬರಾದ್ರೂ ಹೇಳಬಾರದೇನು?” ಎಂದು ಬೆಟ್ಟದ ಕಡೆ ಮುಖ ತಿರುಗಿಸಿದಳು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.