ಕಂಪ್ಲಿಗೆ ಹೋಗದ ಬಾನೆಟ್ಟು

ಅಚ್ಚಿನಿಂದ ಆಗಷ್ಟೇ ಹೊರಬಿದ್ದ ಪ್ಲಾಸ್ಟಿಕ್ಕಿಗೆ ಒಂದು ಸಿಹಿ ವಾಸನೆ ಇರುತ್ತದೆ. ಸುಟ್ಟ ಪ್ಲಾಸ್ಟಿಕ್ಕಿನ ಉಸಿರುಗಟ್ಟಿಸುವ ನಾತವಲ್ಲ ಅದು. ಹದವಾಗಿ ಕರಗಿ, ಉಕ್ಕಿನೊಳಗೆ ಹರಿದು, ತಣ್ಣಗಾದ ಹೊಸ ತುಂಡಿನ ವಾಸನೆ, ಮೂಗಿನ ಹಿಂಬದಿಗೆ ಹೋಗಿ ಅಂಟಿಕೊಳ್ಳುವಂಥದು. ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ, ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ಸೋದರಮಾವನ ಮಗ ಮಂಜು ಒಂದು ಚೀಲದ ಬಾಯಿ ಬಿಚ್ಚಿದಾಗ ಆ ವಾಸನೆ ಬಂತು. ಚೀಲದಿಂದ ಅವನು ತೆಳ್ಳನೆಯ ಕಡ್ಡಿಗಳ ಒಂದು ಬೂದುಬಣ್ಣದ ಚೌಕಟ್ಟು ತೆಗೆದು ಟೀಪಾಯಿಯ ಮೇಲಿಟ್ಟ. ಪುಟ್ಟ ಬಾಗಿಲು, ಬಂಪರು, ಸ್ಟೇರಿಂಗು, ಸೀಟು, ಎಲ್ಲವೂ ಆ ಕಡ್ಡಿಗಳಿಗೆ ಕಾಯಿಗಳ ಹಾಗೆ ಜೋತುಬಿದ್ದಿದ್ದವು. ಒಂದೊಂದನ್ನೇ ಮುರಿದು ಅಂಟಿಸಿದರೆ ಅಂಗೈ ಉದ್ದದ ಕಾರಾಗುತ್ತದೆ. "ನೋಡು ಸುಮಕ್ಕ, ಗುರ್ತು ಸಿಗತೈತೇನು?" ಎಂದ. ವರಸೆಯಲ್ಲಿ ನಾನು ಅವನಿಗೆ ಅಕ್ಕನಲ್ಲ, ಅತ್ತಿಗೆ. ಕೆಲಸವಿದ್ದಾಗ ವರಸೆ ಬದಲಾಗುತ್ತದೆ. ಗುರುತು ಸಿಕ್ಕಿತು; ಅದು ನನ್ನ ಅಪ್ಪ ಮಾಡಿದ ಕಾರು. ನಾನು ಮೂವತ್ತು ವರ್ಷ ಕಾದ ದಿನ ತಾನಾಗಿಯೇ ನಡೆದು ಬಂದು ನಮ್ಮ ಕುರ್ಚಿಯ ಮೇಲೆ ಕೂತಿದೆ ಎಂಬುದೂ ತಿಳಿಯಿತು.

ಆ ಕಾರು ಹುಟ್ಟಿದ ಮನೆ ಈಗಿಲ್ಲ. ಕಾಲುವೆ ದಂಡೆಯ ಮೇಲೆ ಬಾಳೆತೋಟಕ್ಕೆ ಬೆನ್ನು ಮಾಡಿ ನಿಂತಿದ್ದ ಎರಡು ಕೋಣೆಯ ಮನೆ, ಹಿಂದೆ ಒಂದು ತಗಡಿನ ಷೆಡ್ಡು. ಈಗ ಅಲ್ಲಿ ಹಂಪಿ ನೋಡಲು ಬರುವವರ ಲಾಡ್ಜು ಎದ್ದಿದೆ. ಅಪ್ಪನ ಹೆಸರು ಹುಲಿಗೆಪ್ಪ, ಅಚ್ಚು ಕೆತ್ತುವ ಫಿಟ್ಟರ್. ಒಂದು ಕಾರ್ಖಾನೆಯಲ್ಲಿ ಬಕೆಟ್ಟು ಚೊಂಬುಗಳ ಅಚ್ಚು ಕೆತ್ತಿ ಕೆತ್ತಿ ಬೇಸತ್ತು, ಸ್ವಂತಕ್ಕೆ ಏನಾದರೂ ಮಾಡುತ್ತೇನೆಂದು ಹೊರಗೆ ಬಂದಿದ್ದ. ರೈಲ್ವೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಗುಂಡುಬೆನ್ನಿನ ಬಿಳಿ ಟ್ಯಾಕ್ಸಿಯೊಂದನ್ನು ಅವ್ವನ ಹೊಲಿಗೆಯ ಟೇಪು ಹಿಡಿದು ಅಳೆದ. "ಕೊಳ್ಳಾವ್ನಂಗ ಅಳೀತೀಯಲ್ಲೋ ಹುಲಿಗ್ಯಾ" ಎಂದು ಡ್ರೈವರು ನಗುತ್ತಿದ್ದನಂತೆ. ಆಮೇಲೆ ಒಂದೂವರೆ ವರ್ಷ ಕೂತು ಅದನ್ನು ಉಕ್ಕಿನಲ್ಲಿ ತಿರುವುಮುರುವಾಗಿ ಕೆತ್ತಿದ. ಉಬ್ಬಿದ್ದಲ್ಲಿ ತಗ್ಗು, ತಗ್ಗಿದ್ದಲ್ಲಿ ಉಬ್ಬು. ಕೆತ್ತಿದ್ದು ಸರಿಯಾಯಿತೇ ಎಂದು ನೋಡಲು ಅವ್ವ ಚಪಾತಿಗೆ ನಾದಿಟ್ಟ ಹಿಟ್ಟಿನಲ್ಲಿ ಒಂದು ಉಂಡೆ ಕಿತ್ತು ಅಚ್ಚಿಗೆ ಒತ್ತಿ ತೆಗೆಯುತ್ತಿದ್ದ. ಹಿಟ್ಟಿನ ಬಾಗಿಲು, ಹಿಟ್ಟಿನ ಬಂಪರು. ನಾನು ಅವನ್ನು ಒಲೆಯ ಮೇಲೆ ಸುಟ್ಟು ತಿಂದಿದ್ದೇನೆ. ತಿಂದಿದ್ದೇನೆಂದು ನನ್ನ ನೆನಪು. ಅವ್ವ ಮಾತ್ರ, "ಎಣ್ಣಿ ಮೆತ್ತಿದ್ದ ಹಿಟ್ಟು, ಎಮ್ಮಿಗೆ ಹಾಕ್ತಿದ್ದೆ, ನಿನಗ್ಯಾಕ ತಿನ್ಸಲಿ?" ಎನ್ನುತ್ತಾಳೆ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ, ಅದರಲ್ಲೂ ಆ ಸಾಕ್ಷಿ ಹತ್ತು ವರ್ಷದ ಹುಡುಗಿಯಾದರೆ. ನಾನು ದಿನಚರಿ ಬರೆಯಲು ತೊಡಗಿದ್ದು ಹೈಸ್ಕೂಲಿಗೆ ಸೇರಿದ ಮೇಲೆ. ಅದಕ್ಕಿಂತ ಹಿಂದಿನದಕ್ಕೆಲ್ಲ ಕಾಗದದ ಆಧಾರವಿಲ್ಲ. ಆದರೂ ಷೆಡ್ಡಿನ ಮಧ್ಯಾಹ್ನಗಳ ವಿಷಯದಲ್ಲಿ ನನ್ನ ಮೈ ಸುಳ್ಳು ಹೇಳುತ್ತಿಲ್ಲ ಎಂದುಕೊಳ್ಳುತ್ತೇನೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತುವ ಕೈಮಷೀನಿನ ಉದ್ದನೆಯ ಹಿಡಿಯನ್ನು ಅಪ್ಪ ಎರಡೂ ಕೈಯಿಂದ ಜಗ್ಗಿ ಹಿಡಿದು, ಒಂದರಿಂದ ಇಪ್ಪತ್ತರವರೆಗೆ ಎಣಿಸಿ, ಅಚ್ಚು ಬಿಚ್ಚುತ್ತಿದ್ದ. ಬೆಚ್ಚಗಿನ ಚೌಕಟ್ಟು ನನ್ನ ಮಡಿಲಿಗೆ ಬೀಳುತ್ತಿತ್ತು. ಅಂಚಿನಲ್ಲಿ ಹೆಚ್ಚಾಗಿ ಉಕ್ಕಿ ನಿಂತ ತೆಳುಪ್ಲಾಸ್ಟಿಕ್ಕಿಗೆ ನಮ್ಮ ಮನೆಯಲ್ಲಿ ಮೀಸೆ ಎನ್ನುತ್ತಿದ್ದೆವು. ಅವ್ವ ಮತ್ತು ನಾನು ಎದುರುಬದುರು ಕೂತು ಬ್ಲೇಡಿನಿಂದ ಮೀಸೆ ಬೋಳಿಸಿ, ಚೌಕಟ್ಟನ್ನೂ ಒಂದು ಪುಟ್ಟ ಗೋಂದಿನ ಟ್ಯೂಬನ್ನೂ ಡಬ್ಬಿಗೆ ತುಂಬುತ್ತಿದ್ದೆವು. ನಿಮ್ಮಲ್ಲಿ ಯಾರಾದರೂ ಬಾಲ್ಯದಲ್ಲಿ ಗದಗಿನಲ್ಲೋ ಬಳ್ಳಾರಿಯಲ್ಲೋ ಅಂಗಡಿಯ ಗಾಜಿನ ಹಿಂದೆ ಅಂಥ ಡಬ್ಬಿ ನೋಡಿ ಆಸೆಪಟ್ಟಿದ್ದರೆ, ಅದರೊಳಗಿನ ಬಂಪರಿನ ಮೀಸೆ ಬೋಳಿಸಿದವಳು ನಾನಿರಬಹುದು.

ಡಬ್ಬಿಗಳನ್ನು ಅಂಗಡಿಗಳಿಗೆ ಮುಟ್ಟಿಸುತ್ತಿದ್ದವನು ಅವ್ವನ ಅಣ್ಣ, ಮಂಜುವಿನ ಅಪ್ಪ, ಕಂಪ್ಲಿಯ ಪಂಪಣ್ಣ ಮಾವ. ಅವನದು ಅಕ್ಕಿ ಗಿರಣಿ. ಉಕ್ಕಿಗೂ ಮಷೀನಿಗೂ ಬಂಡವಾಳ ಅವನದೇ. ವಾರಕ್ಕೊಮ್ಮೆ ಮೋಟರ್ ಸೈಕಲ್ಲಿನ ಹಿಂದೆ ಅಕ್ಕಿಚೀಲ ಕಟ್ಟಿಕೊಂಡು ಬರುತ್ತಿದ್ದ. ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕಾಲುವೆಯ ಏರಿಯ ಮೇಲೆ ಓಡಿಸುತ್ತಿದ್ದ, ಕಬ್ಬನ್ನು ಹಲ್ಲಿನಿಂದ ಸಿಗಿದು ಮೆತ್ತನೆಯ ಭಾಗ ನನಗೆ ಕೊಡುತ್ತಿದ್ದ. ಈ ನೆನಪುಗಳನ್ನು ಕಿತ್ತುಹಾಕಲು ಬಹಳ ಪ್ರಯತ್ನಪಟ್ಟಿದ್ದೇನೆ. ಅವನ ಮೇಲೆ ನಾನು ಮನಸ್ಸಿನಲ್ಲೇ ಹೂಡಿದ ಮೊಕದ್ದಮೆಗೆ ಅವು ಅನುಕೂಲವಾದ ಸಾಕ್ಷಿಗಳಲ್ಲ.

ಮೊಕದ್ದಮೆ ಇಷ್ಟೇ. ಆಯುಧಪೂಜೆಯ ದಿನ. ನಮ್ಮಲ್ಲಿ ಆ ದಿನ ಉಪಕರಣಗಳಿಗೆ ಕೆಲಸವಿಲ್ಲ. ತೊಳೆದು, ಎಣ್ಣೆ ಹಚ್ಚಿ, ವಿಭೂತಿ ಕುಂಕುಮ ಇಟ್ಟು ಕೂರಿಸಿದರೆ, ಮರುದಿನ ಬನ್ನಿ ಹಂಚುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಅಪ್ಪ ಅಚ್ಚುಗಳನ್ನೆಲ್ಲ ಬಿಚ್ಚಿ, ಷೆಡ್ಡಿನಲ್ಲಿ ಸಾಲಾಗಿ ಜೋಡಿಸಿ ಪೂಜೆ ಮಾಡಿದ್ದ. ಹನ್ನೊಂದರ ಹೊತ್ತಿಗೆ ಪಂಪಣ್ಣ ಮಾವ ಗಿರಣಿಯ ಲಾರಿಯಲ್ಲಿ ನಾಲ್ವರು ಹಮಾಲರನ್ನು ಕರೆತಂದ. ಮಾತು ಹೆಚ್ಚು ನಡೆಯಲಿಲ್ಲ. ಇಲ್ಲಿ ಕರೆಂಟಿನ ಭರವಸೆ ಇಲ್ಲ, ಕಂಪ್ಲಿಯಲ್ಲಿ ದೊಡ್ಡ ಮಷೀನು ಹಾಕುತ್ತೇನೆ, ಅಚ್ಚು ನನ್ನವು, ಒಯ್ಯುತ್ತೇನೆ ಎಂದ. ಅಪ್ಪ ಬಾಗಿಲಿಗೆ ಅಡ್ಡ ನಿಂತು, "ಪೂಜಿ ಆಗೈತಿ ಪಂಪಣ್ಣ. ನಾಳಿ ಬನ್ನಿ ಕೊಟ್ಟ ಮ್ಯಾಲ ಒಯ್ಯಿ. ಇವತ್ತು ಎತ್ತಬ್ಯಾಡ" ಎಂದ. "ದ್ಯಾವ್ರಿಗೆ ನಾನು ಹೇಳ್ಕಂತೀನಿ, ನೀ ಅತ್ಲಾಗ ಸರಿ" ಎಂದ ಮಾವ. ಮುಟ್ಟಬಾರದ ದಿನ; ಹಾಗಾಗಿ ಎತ್ತುವವರ ಕೈಯಿಂದ ಕಿತ್ತುಕೊಳ್ಳಲೂ ಅಪ್ಪ ಅಚ್ಚುಗಳನ್ನು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿ ನಿಂತಿದ್ದ. ಕೊನೆಗೆ ಹಮಾಲನೊಬ್ಬ, "ಎಲ್ಲಾ ಆತೇನ್ರಿ?" ಎಂದು ಮಾವನನ್ನಲ್ಲ, ಅಪ್ಪನನ್ನು ಕೇಳಿದ. "ಆತು" ಎಂದ ಅಪ್ಪ.

ಆಗಿರಲಿಲ್ಲ. ಕಾರಿನ ಬಾನೆಟ್ಟು ಮೂಡಿಸುವ ಅಚ್ಚಿನ ಭಾಗ, ಸ್ನಾನದ ಸೋಪಿನಷ್ಟು ದೊಡ್ಡ ಉಕ್ಕಿನ ತುಂಡು, ಒಳಗೆ ದೇವರ ಜಗಲಿಯ ಮೇಲಿತ್ತು. ಹೊಳಪು ಕೊಡಲೆಂದು ಅದನ್ನು ದೊಡ್ಡ ಅಚ್ಚಿನಿಂದ ಬಿಡಿಸಿ, ಬಿದಿರುಕಡ್ಡಿಗೆ ಎಮರಿ ಪುಡಿ ಹಚ್ಚಿ ವಾರಗಟ್ಟಲೆ ತಿಕ್ಕುತ್ತಿದ್ದ ಅಪ್ಪ, ಆ ದಿನ ಅದನ್ನು ತನ್ನ ಅರಗಳು, ಉಳಿಗಳ ಜೊತೆ ಜಗಲಿಯ ಮೇಲಿಟ್ಟಿದ್ದ. ಹಮಾಲರು ಷೆಡ್ಡು ಬರಿದು ಮಾಡಿದರು, ದೇವರ ಕೋಣೆಗೆ ಕಾಲಿಡಲಿಲ್ಲ. ಹಾಗೆ ಆ ಕಾರು ಎರಡಾಯಿತು. ಮಾವ ಹಬ್ಬದ ದಿನವನ್ನೇ ಬೇಕೆಂದು ಆರಿಸಿದ ಎಂದು ನಾನು ನಂಬಿ ಬೆಳೆದೆ. ಗಿರಣಿಗೆ ರಜೆ ಇದ್ದುದರಿಂದ ಲಾರಿ ಸಿಕ್ಕಿರಬೇಕು ಎನ್ನುತ್ತಾಳೆ ಅವ್ವ. ಇಬ್ಬರ ಮಾತಿಗೂ ಆಧಾರವಿಲ್ಲ. ನನ್ನದರ ಹಿಂದೆ ಸಿಟ್ಟಿದೆ, ಅವಳದರ ಹಿಂದೆ ತವರಿದೆ.

ಕಂಪ್ಲಿಯಲ್ಲಿ ದೊಡ್ಡ ಮಷೀನು ಬರಲೇ ಇಲ್ಲ. ಅಪ್ಪ ದೋಣಿಮಲೈಗೆ ಹೋಗಿ ಗಣಿ ಲಾರಿಗಳ ವರ್ಕ್‌ಷಾಪಿನಲ್ಲಿ ಕೆಲಸಕ್ಕೆ ಸೇರಿದ. ಅವನ ಅಂಗಿಯ ಕೊರಳಪಟ್ಟಿಗೆ ಹತ್ತಿದ ಅದಿರಿನ ಕೆಂಪು ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಮತ್ತೆ ಅಚ್ಚು ಕೆತ್ತಲಿಲ್ಲ. ಎಂಟು ವರ್ಷದ ಹಿಂದೆ ತೀರಿಕೊಂಡ. ಬಾನೆಟ್ಟಿನ ತುಂಡನ್ನು ಪ್ರತಿ ಆಯುಧಪೂಜೆಗೆ ಟ್ರಂಕಿನಿಂದ ತೆಗೆದು ಎಣ್ಣೆ ಹಚ್ಚಿ, ಮತ್ತೆ ಬಟ್ಟೆ ಸುತ್ತಿ ಇಡುವವಳು ನಾನು. ಭಕ್ತಿಯಿಂದಲ್ಲ. ಒಂದು ದಿನ ಇದು ಅವರಿಗೆ ಬೇಕಾಗುತ್ತದೆ, ಆ ದಿನ ತುಕ್ಕು ಹಿಡಿದು ನನ್ನ ಕೈ ಬರಿದಾಗಬಾರದು ಎಂದು.

ಬೇಕಾಯಿತು. "ನಮ್ಮಪ್ಪ ಹೋದ ಮ್ಯಾಲ ಮಿಲ್ಲು ಖಾಲಿ ಮಾಡಾಕ ಹೋದ್ರ, ಹೊಟ್ಟಿನ ಗೋಣಿಯೊಳಗ ಕಾರಿನ ಅಚ್ಚು, ಡೈ ಸಿಕ್ಕವು ಸುಮಕ್ಕ. ಗ್ರೀಸು ಬಳದು ಇಟ್ಟಿದ್ದ. ಒಂದು ಚುಕ್ಕಿ ತುಕ್ಕಿಲ್ಲ" ಎಂದ ಮಂಜು. ಮಾವ ಗ್ರೀಸು ಬಳಿದದ್ದು ಯಾಕಿರಬಹುದು? ಆ ಪ್ರಶ್ನೆ ನನಗೂ ಬಂತು. ಅದನ್ನು ಕೂರಿಸಿ ಮಾತಾಡಿಸುವ ಮನಸ್ಸು ಆ ದಿನ ಇರಲಿಲ್ಲ. ಮಂಜುವಿನ ಉತ್ಸಾಹ ನಿಲ್ಲಲಿಲ್ಲ. "ಹಳೇ ಕಿಟ್ಟಿಗೆ ಈಗ ಭಾಳ ಡಿಮ್ಯಾಂಡು. ನಲ್ವತ್ತು ವರ್ಷದ ಗಂಡಸ್ರು ಕೂತು ಅಂಟಸ್ತಾರ. ಸಣ್ಣವ್ರಿದ್ದಾಗ ಮನ್ಯಾಗ ಕೊಡಸ್ಲಿಲ್ಲಂತ ಈಗ ಹಟಕ್ಕ ತಗಂತಾರ. ಹೊಸಾ ಮಷೀನ್ದಾಗ ಹಾಕಿ ತೆಗದ್ರ ಮಸ್ತ್ ಬರ್ತೈತಿ. ಆದ್ರ ಬಾನೆಟ್ ಜಾಗಾ ತೂತು. ಹುಬ್ಬಳ್ಯಾಗ ಕಂಪ್ಯೂಟರ್ ಮ್ಯಾಲ ಒಂದು ಮಾಡ್ಸಿದೆ, ಕೂಡ್ರವಲ್ದು. ಹುಲಿಗೆಪ್ಪ ಮಾಮ ಎಲ್ಲಾ ಕೈಲೇ ತಿಕ್ಯಾನ, ನಾಕು ಅಂಚು ನಾಕು ಅಳತಿ." ಬೇರೆಯವರ ಬಾಯಿಂದ ಅಪ್ಪನ ಬಗ್ಗೆ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು, ದೂರಿನ ರೂಪದಲ್ಲಿ ಬಂತು. ಆಮೇಲೆ ಅವನು ಡಬ್ಬಿ ತೋರಿಸಿದ. ಮೇಲೆ ಪಂಪಣ್ಣ ಮಾವನ ಫೋಟೊ. ಕೆಳಗೆ, ತುಂಗಭದ್ರೆಯ ದಡದ ಕುಶಲಕರ್ಮಿಯೊಬ್ಬನ ಕೈಯಿಂದ ಮೂಡಿದ ಕಾರು ಎಂದು ಅಚ್ಚಾಗಿತ್ತು. ಮಾವನ ಕೈ ಅರ ಹಿಡಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಹಂಪಿಯಲ್ಲಿ ಯಾವ ಗೈಡನ್ನು ಬೇಕಾದರೂ ಕೇಳಿ, ಕಟ್ಟಿಸಿದವರ ಹೆಸರು ಹೇಳುತ್ತಾನೆ, ಒಡೆದವರ ಹೆಸರು ಹೇಳುತ್ತಾನೆ. ಕೆತ್ತಿದವನ ಹೆಸರು ಕೇಳಿದರೆ ನೀರಿನ ಬಾಟಲಿ ಬಿಚ್ಚುತ್ತಾನೆ.

"ನಮ್ಮಪ್ಪನ ಹೆಸರು?" ಎಂದೆ. "ಹಾಕ್ಸೋಣ ತಗಾ. ಹಿಂದ, ಸಣ್ಣಗ. ಮುಂದಿಂದು ಪ್ರಿಂಟ್ ಆಗೋಗೈತಿ" ಎಂದ. ನಾನು ಬೇಕೆಂದೇ ಸಕ್ಕರೆ ಹಾಕದೆ ಚಹಾ ಕೊಟ್ಟೆ. ಅವನು ಚಲೋ ಐತಿ ಎಂದು ಕುಡಿದ. ಆ ತುಂಡು ನಮ್ಮ ಹತ್ತಿರ ಇಲ್ಲ, ಗುಜರಿಗೆ ಹೋಯಿತು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಡಿಗೆಮನೆಯಿಂದ ಅವ್ವ ಬಂದು ಕೂತಳು. "ಐತಿ, ಟ್ರಂಕಿನ್ಯಾಗ ಐತಿ. ಇವರಪ್ಪ ಅದನ್ನ ಕೊಡಾಕಂತ ಎರಡು ಸರ್ತಿ ಕಂಪ್ಲಿಗೆ ಹೋಗಿದ್ದ" ಎಂದಳು.

ಇದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದೂ ಗೊತ್ತಿರಲಿಲ್ಲ. "ಯಾಕ ಹೋಗಿದ್ದ?" ಎಂದೆ. "ಬಾನೆಟ್ ಇಲ್ದಿದ್ರ ಕೂಸಿಗೆ ತಲಿ ಇಲ್ದಂಗ ಆಗತೈತಿ, ಅವ್ನೇ ಮಾಡ್ಲಿ, ಪೂರಾ ಮಾಡ್ಲಿ ಅಂದ. ಬುತ್ತಿ ಚೀಲದಾಗ ಹಾಕ್ಕೊಂಡು ಹೋದ. ಎರಡೂ ಸರ್ತಿ ಗೇಟಿನ್ಯಾಗ ನಿಂತು ಬಂದ. ಸಾಹುಕಾರ್ರು ಇಲ್ಲ ಅಂದ್ರಂತ. ಅಣ್ಣನ ಗಾಡಿ ಒಳಗ ನಿಂತಿತ್ತಂತ." ನನ್ನೊಳಗಿನ ಅಪ್ಪ, "ಆತು" ಎಂದು ಹೇಳಿ ಸೇಡಿನ ಬೀಜವನ್ನು ಜಗಲಿಯ ಮೇಲೆ ಉಳಿಸಿಕೊಂಡ ಅಪ್ಪ, ಒಂದೇ ನಿಮಿಷದಲ್ಲಿ ಇಲ್ಲವಾದ. ಆ ದಿನ ಅವನಿಗೆ ಮರೆತಿತ್ತಷ್ಟೇ ಏನೋ. ಅಥವಾ ಸುಳ್ಳು ಹೇಳಿ, ಆ ಸುಳ್ಳನ್ನು ಹೊರಲಾರದೆ ಬಸ್ಸು ಹತ್ತಿದನೋ.

ಮಂಜುವಿನ ಮುಖ ಬೆಳಗಿತು. "ನೋಡಿದ್ಯಾ, ಮಾಮಂದೂ ಅದ ಮನಸ್ಸು. ಅಂವ ಕೊಡಾಕ ಬಂದಿದ್ದ, ಈಗ ನಾನ ಇಸ್ಕಳಾಕ ಬಂದೀನಿ." ನಾನು ಕಪ್ಪು ತೆಗೆದುಕೊಂಡು ಎದ್ದೆ. "ಅಂವ ಬಂದಾಗ ನಿಮ್ಮ ಗೇಟು ಹಾಕಿತ್ತು ಮಂಜು. ಈಗ ನಂದು ಹಾಕೈತಿ. ಅಂವ ಕೊಡಾವ ಇದ್ದ, ಖರೆ. ನಾನು ಅಂವ ಅಲ್ಲ" ಎಂದೆ. ಅವನು ಅವ್ವನ ಕಡೆ ತಿರುಗಿ, "ಅತ್ತಿ, ನೀನರ ಹೇಳು" ಎಂದ. ಅವ್ವ ಒಳಗೆ ಹೋಗಿ ಶೇಂಗಾ ಹೋಳಿಗೆ ಕಟ್ಟಿ ತಂದು ಅವನ ಕೈಗಿಟ್ಟಳು. ಬೂದು ಚೌಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಅವನು ಹೋದ. ಹೋಗುವಾಗ ಅಕ್ಕ ಎನ್ನಲಿಲ್ಲ.

ಆರು ತಿಂಗಳಿಗೆ ಕಾರು ಮಾರಾಟಕ್ಕೆ ಬಂತು. ಸಹೋದ್ಯೋಗಿಯ ಹೆಸರಿನಲ್ಲಿ ಒಂದು ತರಿಸಿದೆ. ಒಂದು ಮಧ್ಯಾಹ್ನ ಅವ್ವ ಮತ್ತು ನಾನು ಎದುರುಬದುರು ಕೂತು ತುಂಡುಗಳನ್ನು ಮುರಿದು ಅಂಟಿಸಿದೆವು. ಬಾಗಿಲುಗಳು, ಬೆನ್ನು, ಬಂಪರು, ಎಲ್ಲ ಕೂದಲೆಳೆಯ ಸಂದಿಲ್ಲದೆ ಕೂತವು. ಕಂಪ್ಯೂಟರ್ ಮಾಡಿದ ಬಾನೆಟ್ಟು ಮಾತ್ರ ಒಂದು ಮೂಲೆಯಲ್ಲಿ ಎದ್ದು ನಿಂತಿತು. ಸಂದಿನಲ್ಲಿ ನನ್ನ ಉಗುರು ಹೋಯಿತು. ಇದನ್ನು ಕೊಂಡ ಪ್ರತಿಯೊಬ್ಬ ಗಂಡಸೂ ಆ ಮೂಲೆಯನ್ನು ಬೆರಳಿನಿಂದ ಒತ್ತಿ ಒತ್ತಿ ಸೋಲುತ್ತಾನೆ ಎಂದು ನೆನೆದು ಆದ ಸಂತೋಷವನ್ನು ನಾನು ಇಲ್ಲಿ ಮುಚ್ಚಿಡುವುದಿಲ್ಲ. ಆ ದಿನದ ದಿನಚರಿಯಲ್ಲಿ "ಗೆದ್ದೆ" ಎಂದು ಬರೆದಿದ್ದೇನೆ. ಅಪ್ಪನ ಕಾರು ಇನ್ನು ಎಲ್ಲಿಯೂ ಪೂರ್ತಿಯಾಗಿ ಇರುವುದಿಲ್ಲ, ಅದನ್ನು ಹಾಗೆ ಮಾಡಿದವಳು ನಾನು ಎಂದು ಬರೆದದ್ದು ಎರಡು ದಿನ ಬಿಟ್ಟು.

ಅವ್ವ ಕಾರನ್ನು ನೋಡುತ್ತಿರಲಿಲ್ಲ. ಖಾಲಿ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. "ಅಣ್ಣನ ಫೋಟೊ ಚಲೋ ಬಂದೈತಿ" ಎಂದಳು. ಮೂರು ವರ್ಷದ ಹಿಂದೆ ಮಾವ ಸತ್ತ ಸುದ್ದಿ ಬಂದಾಗ ಅವಳು ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದ್ದಳು. ಕಂಪ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೋಗಬ್ಯಾಡ ಎಂದವಳು ನಾನು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಆ ದಿನದ ದಿನಚರಿಯಲ್ಲಿರುವುದು ಒಂದೇ ಸಾಲು: ಅವ್ವ ಉಣ್ಣಲಿಲ್ಲ.

ಅವಳು ಕತ್ತರಿ ತಂದು ಫೋಟೊದ ಸುತ್ತ ನಿಧಾನವಾಗಿ ಕತ್ತರಿಸಿದಳು. ಕೆಳಗಿನ ಕುಶಲಕರ್ಮಿಯ ಸಾಲನ್ನು ಕತ್ತರಿಸಿ ನನ್ನ ಮುಂದೆ ಇಟ್ಟಳು. "ನಿಮ್ಮಪ್ಪನ ಫೋಟೊ ಇರೋ ಗ್ವಾಡಿಗೆ ಇದನ್ನ ಹಚ್ಚಂಗಿಲ್ಲ, ಗೊತ್ತೈತಿ" ಎಂದು ತಾನೇ ಹೇಳಿ, ಅಡಿಗೆಮನೆಯ ಕಪಾಟಿನ ಬಾಗಿಲಿನ ಒಳಮೈಗೆ ನಾಲ್ಕು ಅನ್ನದ ಅಗಳು ಮೆತ್ತಿ ಅದನ್ನು ಅಂಟಿಸಿದಳು. ಬಾಗಿಲು ಮುಚ್ಚಿದರೆ ಮಾವ ಕಾಣುವುದಿಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಆ ಬಾಗಿಲು ತೆರೆದಿರುತ್ತದೆ. ನಾನು ಹೋಗಿ ಮುಚ್ಚುತ್ತೇನೆ.