ಟಿವಿಗೆ ಬೆನ್ನು ಹಾಕಿ ಕೂತವಳು

"ಅಮ್ಮಾ, ಮಹಡಿ ಅತ್ತೆ ಯಾಕೆ ಟಿವಿಗೆ ಬೆನ್ನು ಹಾಕಿ ಕೂತ್ಕೋತಾಳೆ? ಟಿವಿ ಮೇಲೆ ಕೋಪಾನಾ?"

ಕೆಳಮನೆಯಿಂದ ಮೆಟ್ಟಿಲು ಹತ್ತುತ್ತಾ ಮಗಳು ಕೇಳಿದಳು. ಕೋಪವಲ್ಲ, ಅದು ಅವಳ ಕೆಲಸ ಎಂದಳು ಅಮ್ಮ.

ಶನಿವಾರ ಸಂಜೆ ಹಾಡಿನ ಸ್ಪರ್ಧೆ ಶುರುವಾದರೆ ಎಲ್ಲರ ಕಣ್ಣು ಟಿವಿಯ ಮೇಲೆ. ಮಹಡಿ ಮನೆಯ ಅಕ್ಕನ ಕಣ್ಣು ಮಾತ್ರ ಕಂಪ್ಯೂಟರಿನ ಮೇಲೆ. ಜನ ಇಂಟರ್ನೆಟ್ಟಿನಲ್ಲಿ ಯಾರ ಹೆಸರು ಹುಡುಕುತ್ತಿದ್ದಾರೆ, ಗ್ರಾಫಿನಲ್ಲಿ ಯಾರ ಹೆಸರಿನ ಗೆರೆ ಎದ್ದಿತು, ಯಾರದು ಮಲಗಿತು ಎಂದು ನೋಡಿ, ಗೆಲ್ಲುವವರು ಇಂಥವರೇ ಎಂದು ಪತ್ರಿಕೆಗೆ ಬರೆದುಕೊಡುತ್ತಿದ್ದಳು. ಅದಕ್ಕೂ ಮೊದಲು ಅಲ್ಲೇ ಪದಬಂಧ ಹೆಣೆಯುತ್ತಿದ್ದವಳು. ಸ್ವರ, ಅಪಸ್ವರ ಒಂದೂ ತಿಳಿಯದು. "ನನ್ನ ಕಿವಿ ಇರೋದು ಓಲೆ ಹಾಕೋಕಷ್ಟೇ" ಎಂದು ತಾನೇ ನಗುತ್ತಿದ್ದಳು. ಆದರೂ ಅವಳು ಹೇಳಿದ್ದು ಇದುವರೆಗೆ ಸುಳ್ಳಾಗಿರಲಿಲ್ಲ.

ಈ ಸಲ ಸ್ಪರ್ಧೆಯಲ್ಲಿ ಅವಳ ಸ್ವಂತ ತಂಗಿಯೇ ಇದ್ದಳು. ಹೆತ್ತವರು ತೀರಿದ ಮೇಲೆ ಅಕ್ಕನೇ ಜಡೆ ಹಾಕಿ, ಗದರಿಸಿ, ಮುದ್ದುಮಾಡಿ ಬೆಳೆಸಿದ ಹುಡುಗಿ. ಹೋದ ವಾರ ಅವಳೆದುರು ಎಲ್ಲರ ಅಚ್ಚುಮೆಚ್ಚಿನ ಹುಡುಗನೊಬ್ಬ ಸೋತು ಹೊರಬಿದ್ದಿದ್ದ. ಮೋಸ ನಡೆದಿದೆ ಎಂದು ಅವನ ಅಭಿಮಾನಿಗಳು ಹಲ್ಲು ಮಸೆಯುತ್ತಿದ್ದರು.

ಅಮ್ಮ, ಮಗಳು ಒಳಗೆ ಕಾಲಿಟ್ಟಾಗ ತಂಗಿಯ ಹಾಡು ಮುಗಿದಿತ್ತು. ಕಂಪ್ಯೂಟರಿನಲ್ಲಿ ಅವಳ ಗೆರೆ ಗೋಡೆ ಹತ್ತುವ ಹಲ್ಲಿಯಂತೆ ಸರಸರನೆ ಮೇಲೇರುತ್ತಿತ್ತು.

"ಗೆದ್ದಳು ಬಿಡಿ ಅಕ್ಕಾ! ನಾಳೆಯಿಂದ ನಮ್ಮನ್ನ ಮಾತಾಡಿಸ್ತಾಳೋ ಇಲ್ವೋ!" ಎಂದಳು ಅಮ್ಮ.

ಅಕ್ಕ ನಗಲಿಲ್ಲ. "ಹೆಸರಿನ ಜೊತೆಗೆ ಏನೇನು ಹುಡುಕ್ತಿದಾರೆ, ಓದು."

ಎಂದಿನಂತೆ 'ಹಾಡು', 'ವೋಟು ಹಾಕೋದು ಹೇಗೆ' ಇರಲಿಲ್ಲ. 'ಮನೆ ಎಲ್ಲಿ.' 'ಯಾವ ಬೀದಿ.' 'ಹಸಿರು ಗೇಟಿನ ಮನೆ.'

ಅಮ್ಮ ಕಂಪ್ಯೂಟರಿನತ್ತ ಬಾಗಿ ಮತ್ತೊಮ್ಮೆ ಓದಿದಳು. ಮಗಳು ದಿನಾ ಜೋತುಬಿದ್ದು ಆಡುವ ಗೇಟು ಅದು. "ಗೇಟಿನ ಬಣ್ಣ ಅವರಿಗೆ ಹೇಗೆ ಗೊತ್ತು?"

"ಮೊದಲನೇ ವಾರ ಟಿವಿಯವರು ಬಂದು ಮನೆ ತೋರಿಸಿದ್ರಲ್ಲ. ನಾನೇ ಗೇಟಿನ ಧೂಳು ಒರೆಸಿ, ಪಕ್ಕದಲ್ಲಿ ಹಲ್ಲು ಬಿಟ್ಕೊಂಡು ನಿಂತಿದ್ದೆ."

ಫೋನು ಬಡಿದುಕೊಂಡಿತು. ಸಂಪಾದಕರು. "ಹೆಸರು ಹೇಳಿ ಮೇಡಂ, ಪೇಜು ಕಾಯ್ತಿದೆ. ತಂಗಿ ಜೊತೆ ಮನೆ ಮುಂದೆ ತೆಗೆದ ಫೋಟೋನೂ ಕಳಿಸಿಬಿಡಿ."

"ಈ ವಾರ ಏನೂ ತಿಳೀತಿಲ್ಲ ಸರ್," ಎಂದು ಅಕ್ಕ ಫೋನಿಟ್ಟಳು.

ಕೆಳಗೆ ಗೇಟು ಢಣ್ಣೆಂದಿತು. ಪರದೆಯ ಸಂದಿಯಿಂದ ಇಣುಕಿದರೆ ಬೀದಿದೀಪದಡಿ ಏಳೆಂಟು ಹುಡುಗರು. ಎಲ್ಲರ ಕೈಯಲ್ಲೂ ಮೊಬೈಲು. ಒಬ್ಬ ಮತ್ತೊಮ್ಮೆ ಗೇಟಿಗೆ ಒದ್ದ. ಉಳಿದವರು ನಕ್ಕರು. ಮಗಳು ಅಮ್ಮನ ಸೆರಗು ಹಿಡಿದುಕೊಂಡಳು.

"ಪೊಲೀಸರಿಗೆ..."

"ಆಗಲೇ ಮಾಡಿದೆ. ಏನಾದ್ರೂ ಆದ್ರೆ ಹೇಳಿ ಅಂದ್ರು."

"ಅವಳಿಗಾದ್ರೂ ಬರಬೇಡ ಅಂತ ಫೋನ್ ಮಾಡಿ ಅಕ್ಕಾ!"

ಅಕ್ಕ ಮೂಲೆಗೆ ಕೈ ತೋರಿಸಿದಳು. ತಂಗಿಯ ಮೊಬೈಲು ಚಾರ್ಜಿಗೆ ನೇತಾಡುತ್ತಿತ್ತು. ಸ್ಪರ್ಧೆಯ ಜಾಗಕ್ಕೆ ಮೊಬೈಲು ಒಯ್ಯುವಂತಿರಲಿಲ್ಲ. ಫಲಿತಾಂಶ ಮರುದಿನವಾದ್ದರಿಂದ, ಹಾಡಿದವರನ್ನು ಹತ್ತಿಸಿಕೊಂಡು ವಾಹಿನಿಯ ವ್ಯಾನು ಹೊರಟಾಗಿತ್ತು; ಅದರ ಚಾಲಕನ ನಂಬರು ಅಕ್ಕನ ಬಳಿ ಇರಲಿಲ್ಲ. ಎಂದಿನಂತೆ ನೇರ ಗೇಟಿನ ಮುಂದೆಯೇ ತಂದು ಇಳಿಸುತ್ತದೆ.

ಅಕ್ಕ ಮೊದಲ ಸಲ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತಳು. ಮಗುವನ್ನು ನೋಡಿದಳು. ಆಮೇಲೆ ಅಮ್ಮನನ್ನು.

"ಕೇಳಬಾರದ್ದು ಕೇಳ್ತಿದೀನಿ ಕಣಮ್ಮ. ನನ್ನ ಮುಖ ಅವರು ಟಿವಿಲಿ ನೋಡಿದಾರೆ, ನಾನು ಇಳಿಯೋ ಹಾಗಿಲ್ಲ. ನೀನು ತಿರುವಿನವರೆಗೂ ಹೋಗಿ ವ್ಯಾನು ನಿಲ್ಲಿಸಿ, ಅವಳನ್ನ ನಿನ್ನ ತವರಿಗೆ ಕರ್ಕೊಂಡು ಹೋಗ್ತೀಯಾ? ಹೋಗುವಾಗ... ಮಗೂನ ಹೆಗಲ ಮೇಲೆ ಮಲಗಿಸ್ಕೊಂಡು ಹೋಗು. ಕೂಸಿದ್ರೆ ದಾರಿ ಬಿಡ್ತಾರೆ."