ಬೆಣ್ಣೆಯಣ್ಣನ ಹಗಲು ನಿದ್ದೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದವರಲ್ಲ. ನಮ್ಮಲ್ಲಿ ಉಂಡು ಮಲಗಿದ ಮೇಲೆಯೇ ಶುರು, ಅದೂ ಹಾಡುಹಗಲಲ್ಲಿ. ನಮ್ಮವರು ಬೇಕರಿ ಕೆಲಸದವರು. ಊರು ಮಲಗಿದಾಗ ಒಲೆಯ ಮುಂದೆ ನಿಲ್ಲುತ್ತಾರೆ, ಊರು ಎದ್ದು ಬ್ರೆಡ್ ತಿನ್ನುವ ಹೊತ್ತಿಗೆ ಮನೆಗೆ ಬಂದು, ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತಾರೆ. ಮದುವೆಯಾದಾಗಿನಿಂದ ಇದೇ ಪಾಡು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ನಾನೂ ಪಕ್ಕದಲ್ಲಿ ಒಂದು ಗಳಿಗೆ ಅಡ್ಡಾಗುತ್ತೇನೆ.

ಬೇಕರಿಯಲ್ಲಿ ಅವರನ್ನು ಕರೆಯುವುದೇ ಬೆಣ್ಣೆಯಣ್ಣ ಅಂತ. ಸಿಟ್ಟು ಅನ್ನುವುದು ಆ ಮನುಷ್ಯನ ಮೈಯಲ್ಲೇ ಇಲ್ಲ. ಜಿರಲೆ ಸಾಯಿಸಿ ಅಂದರೆ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಮೋರಿಯ ಹತ್ತಿರ ಬಿಟ್ಟು ಬರುವ ಪೈಕಿ. ನಾನೋ, ಬಾಯಿ ಬಿಟ್ಟರೆ ಬೀದಿಗೆಲ್ಲ ಕೇಳಬೇಕು. ಎಷ್ಟು ಕೂಗಾಡಿದರೂ ‘ಸರಿ ಕಣೆ’ ಅಂದು ಟವೆಲ್ ಹೆಗಲಿಗೆ ಹಾಕಿಕೊಂಡು ಆಚೆ ಹೋಗುತ್ತಾರೆ. ಒಂಟಿ ಕೈಯಲ್ಲಿ ಜಗಳ ಆಡಿ ಆಡಿ ನನಗೂ ಸಾಕಾಗಿತ್ತು.

ಇಂಥವರಿಗೆ ಈಚೆಗೆ ನಿದ್ದೆಯಲ್ಲಿ ಕೈ ಆಡತೊಡಗಿತು, ಮೊದಮೊದಲು ಹಿಟ್ಟು ನಾದುತ್ತಿದ್ದರು. ದಿಂಬನ್ನು ಎರಡೂ ಕೈಯಲ್ಲಿ ಅದುಮಿ, ಮಡಚಿ, ತಟ್ಟುವುದು. ‘ನಿದ್ದೇಲೂ ದುಡಿಯೋ ಗಂಡ ಯಾರಿಗುಂಟು ಯಾರಿಗಿಲ್ಲ’ ಅಂತ ನಾನು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ನಕ್ಕೆ. ಆಮೇಲೆ ಬೈಗುಳ ಶುರುವಾಯಿತು, ಎಚ್ಚರದಲ್ಲಿ ಅವರ ಬಾಯಲ್ಲಿ ನಾನು ಕೇಳದಂಥ ಮಾತು. ಆಮೇಲೆ ಒದೆತ. ಒಂದು ಮಧ್ಯಾಹ್ನ ಮುಷ್ಟಿ ಬಂದು ನನ್ನ ಎಡಗಣ್ಣಿನ ಕೆಳಗೆ ಬಿತ್ತು.

ನಾನು ಕಿರುಚಿದ್ದಕ್ಕೆ ಎದ್ದು ಕೂತರು. ‘ನಾಯಿ ಕಣೆ, ಕರೀ ನಾಯಿ. ನಿನ್ನ ಮೇಲೆ ಬೀಳ್ತಿತ್ತು, ಓಡಿಸ್ತಿದ್ದೆ’ ಅಂದರು. ನನ್ನ ಮುಖ ನೋಡಿದರು, ತಮ್ಮ ಕೈ ನೋಡಿಕೊಂಡರು, ಮಗುವಿನ ಹಾಗೆ ಅತ್ತುಬಿಟ್ಟರು.

‘ಆ ನಾಯಿ ಕಚ್ಚಿದ್ರೂ ಇಷ್ಟು ನೋಯ್ತಿರಲಿಲ್ಲ ಬಿಡಿ’ ಅಂದೆ.

ಕಪ್ಪಗಾದ ಕಣ್ಣು ಇಟ್ಟುಕೊಂಡು ಅಂಗಡಿಗೆ ಹೋದರೆ ಜನ ಸುಮ್ಮನಿರುತ್ತಾರೆಯೇ? ‘ಬಾಗಿಲು ತಗಲ್ತಾ?’ ಅಂತ ಒಬ್ಬಳು ಕೊಂಕು ತೆಗೆದಳು. ‘ಮೆತ್ತಗಿರೋರನ್ನೇ ನಂಬಬಾರದು’ ಅಂತ ಇನ್ನೊಬ್ಬಳು. ಸುದ್ದಿ ನಮ್ಮವರ ಅಕ್ಕನ ಕಿವಿಗೂ ಬಿತ್ತು. ಆಕೆ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವರು. ಅರ್ಧ ದಿನ ರಜೆ ಹಾಕಿ ಬಂದವರೇ, ಮಲಗಿದ್ದ ತಮ್ಮನ ಹೊದಿಕೆ ಎಳೆದರು.

‘ಏಳೋ! ಹೆಂಡ್ತಿ ಮೇಲೆ ಕೈ ಮಾಡೋಷ್ಟು ದೊಡ್ಡ ಗಂಡಸಾದ್ಯಾ?’

‘ಅಯ್ಯೋ ಅಕ್ಕಾ, ಬಿಡಿ. ನಿದ್ದೇಲಿ ಹೊಡೆದಿದ್ದು’ ಅಂತ ನಾನು ನಾಯಿಯ ಕಥೆ ಹೇಳಿದೆ. ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಹೊದಿಕೆ ಕೈಬಿಟ್ಟು ಮಂಚದ ತುದಿಯಲ್ಲಿ ಕೂತರು.

‘ಬೈತಾನಾ?’

‘ಬೈತಾರೆ.’

‘ಎಬ್ಬಿಸಿದ ಕೂಡಲೇ ಕನಸು ಹೇಳ್ತಾನಾ?’

‘ಹೂಂ.’

‘ಎಚ್ಚರವಾಗಿದ್ದೇ ಹೊಡೆದಿದ್ರೆ ಚೆನ್ನಾಗಿತ್ತು ಕಣೇ’ ಅಂದರು ಅಕ್ಕ. ‘ನಾಲ್ಕು ಬೈದು ಬುದ್ಧಿ ಹೇಳಬಹುದಿತ್ತು.’

ನನಗೆ ಮೈಯೆಲ್ಲ ಉರಿದುಹೋಯಿತು. ಹೊಡೆಸಿಕೊಂಡವಳು ನಾನು, ಇವರ ಮಾತು ನೋಡಿ! ಆದರೆ ಅಕ್ಕ ತಮ್ಮ ಅಪ್ಪನ ಕಥೆ ತೆಗೆದರು, ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಮ್ಮ ಮಾವನವರನ್ನು ನಾನು ಫೋಟೋದಲ್ಲಷ್ಟೇ ನೋಡಿದವಳು. ಅವರೂ ಹೀಗೆಯೇ ನಿದ್ದೆಯಲ್ಲಿ ಒದೆಯುತ್ತಿದ್ದರಂತೆ, ಮನೆಯವರೆಲ್ಲ ನಗುತ್ತಿದ್ದರಂತೆ. ಎಷ್ಟೋ ವರ್ಷದ ಮೇಲೆ ಕೈ ನಡುಕ ಬಂತು, ಹೊಸ್ತಿಲ ಹತ್ತಿರ ಕಾಲು ಅಂಟಿಕೊಳ್ಳತೊಡಗಿತು, ಕೊನೆಗೆ ಮಗಳು ಯಾರೆಂಬುದೂ ತಿಳಿಯದಾಯಿತು.

‘ಮೈ ಮರದ ಹಲಗೆ ಆಗಿತ್ತು. ಮಗ್ಗುಲು ಹೊರಳಿಸ್ತಿದ್ದೋಳು ನಾನೇ’ ಅಂದರು ಅಕ್ಕ. ‘ಅದಕ್ಕೂ ಎಷ್ಟೋ ಮುಂಚೆ ಮೂಗು ಸತ್ತುಹೋಗಿತ್ತು, ಯಾವ ವಾಸನೆನೂ ತಿಳೀತಿರಲಿಲ್ಲ.’

ಎದ್ದು ಅಡುಗೆಮನೆಯಿಂದ ಕಾಫಿಪುಡಿ ಡಬ್ಬಿ ತಂದರು. ತಮ್ಮನ ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಹಿಡಿದರು. ‘ಏನು ಹೇಳು.’

‘ಹಿಟ್ಟು’ ಅಂದರು ನಮ್ಮವರು.

ಸೋಪು ಹಿಡಿದರು. ‘ಇದೂ ಹಿಟ್ಟೇ. ಬೇಕರಿಯವನ ಮೂಗಲ್ವಾ?’ ಅಂತ ನಕ್ಕರು. ಅಕ್ಕ ಸೋಪು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಮೊನ್ನೆ ಹಾಲು ಸೀದು ಮನೆಯೆಲ್ಲ ಹೊಗೆಯ ನಾತ ಹರಡಿದ್ದರೂ ಬಾಗಿಲಲ್ಲೇ ಪೇಪರ್ ಓದುತ್ತ ಕೂತಿದ್ದವರನ್ನು ಸೋಮಾರಿ ಅಂತ ಬೈದದ್ದು ನೆನಪಾಯಿತು.

ಮಿದುಳಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನಡೆಸಿ ನೋಡಿದರು, ಬೆರಳು ತಟ್ಟಿಸಿದರು, ತಲೆಗೆಲ್ಲ ವೈರು ಅಂಟಿಸಿ ಮಲಗಿಸಿದರು. ನನಗೆ ಮಗಳಾಗುವಷ್ಟು ವಯಸ್ಸಿನ ಆ ಡಾಕ್ಟರಮ್ಮ ನಿಧಾನವಾಗಿ ಹೇಳಿದಳು: ‘ಕನಸು ಕಾಣುವಾಗ ಮೈ ಕಟ್ಟಿಹಾಕಿದ ಹಾಗೆ ಸುಮ್ಮನಿರಬೇಕು. ಇವರಿಗೆ ಆ ಕಟ್ಟು ಬಿಚ್ಚಿದೆ. ಈಗ ಕೈಕಾಲು ಚೆನ್ನಾಗಿದೆ. ಆದ್ರೆ ಇಂಥವರಲ್ಲಿ ಬಹಳ ಜನಕ್ಕೆ ಮುಂದೆ ನಡುಕದ ಕಾಯಿಲೆನೋ ಮರೆವಿನ ಕಾಯಿಲೆನೋ ಬರುತ್ತೆ. ಯಾವಾಗ ಅಂತ ಹೇಳಕ್ಕಾಗಲ್ಲ. ವರ್ಷಗಟ್ಟಲೆ ಏನೂ ಆಗದೆ ಇರಬಹುದು.’

‘ತಡೆಯೋಕೆ ಔಷಧಿ ಕೊಡಮ್ಮಾ’ ಅಂದೆ.

‘ಒದೆಯೋದು ಕಡಿಮೆ ಆಗೋಕೆ ಕೊಡ್ತೀನಿ. ಬರೋದನ್ನ ತಡೆಯೋಕೆ ಇನ್ನೂ ಔಷಧಿ ಇಲ್ಲ. ನೋಡ್ತಾ ಇರಬೇಕು.’

ಮನೆಗೆ ಬಂದವರೇ ನಮ್ಮವರು ಚಾಪೆ ಸುತ್ತಿಕೊಂಡು ಹೊರಟರು. ‘ಹಜಾರದಲ್ಲಿ ಮಲಗ್ತೀನಿ. ನಿನ್ನ ಕಣ್ಣು ಹೋದ್ರೆ ಏನೇ ಗತಿ?’

‘ನನ್ನ ಕಣ್ಣು ಹಾಳಾಗಿ ಹೋಗ್ಲಿ. ಅಲ್ಲಿ ನಿಮ್ಮನ್ನ ನೋಡೋರು ಯಾರು?’ ಅಂತ ಚಾಪೆ ಕಿತ್ತುಕೊಂಡೆ. ಮಂಚ ಎತ್ತಿಸಿ ಹಾಸಿಗೆಯನ್ನು ನೆಲಕ್ಕೆ ಹಾಕಿದೆ. ತಲೆಯ ಹತ್ತಿರದ ಸ್ಟೂಲು, ಗಾಜಿನ ಲೋಟ ಎಲ್ಲ ಆಚೆ ಹಾಕಿದೆ. ನಡುವೆ ದಿಂಬಿನ ಗೋಡೆ.

ನನಗೆ ಭಯ. ಸುಳ್ಳೇಕೆ ಹೇಳಲಿ? ಅವರು ಲೋಟ ಎತ್ತಿದರೆ ನಾನು ಬೆರಳು ನೋಡುತ್ತೇನೆ. ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತ ಒಂದು ಕ್ಷಣ ನಿಂತರೆ ನನ್ನ ಉಸಿರೂ ನಿಲ್ಲುತ್ತದೆ. ಅಕ್ಕ ಫೋನು ಮಾಡಿದರೆ ಮೊದಲ ಪ್ರಶ್ನೆಯೇ ‘ಕಾಲು ಎಳೀತಾನಾ?’ ಅಂತ. ಬಾಯಿ ಮಾಡುವುದನ್ನೂ ಬಿಟ್ಟಿದ್ದೇನೆ. ‘ಯಾಕೇ, ಹುಷಾರಿಲ್ವಾ?’ ಅಂತ ಅವರೇ ಕೇಳುತ್ತಾರೆ.

ಮಾತ್ರೆ ಶುರುವಾದ ಮೇಲೆ ಒದೆತ ಕಡಿಮೆಯಾಯಿತು. ಇವತ್ತು ಮಧ್ಯಾಹ್ನ ಅವರು ಅಲುಗಲೇ ಇಲ್ಲ. ಕೈ ಎರಡೂ ಎದೆಯ ಮೇಲೆ, ಕಾಲು ನೀಟಾಗಿ ಚಾಚಿಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದರು. ನಾನು ಕಾದೆ. ಬೆರಳೂ ಮಿಸುಕಲಿಲ್ಲ. ಅಕ್ಕ ಹೇಳಿದ ಹಲಗೆಯ ಮಾತು ತಲೆಗೆ ಹೊಕ್ಕಿತು. ದಿಂಬಿನ ಗೋಡೆ ದಾಟಿ ಭುಜ ಹಿಡಿದು ಅಲುಗಿಸಿಬಿಟ್ಟೆ.

ಗಾಬರಿಯಾಗಿ ಕಣ್ಣು ಬಿಟ್ಟರು. ಮೊದಲು ನೋಡಿದ್ದು ನನ್ನ ಎಡಗಣ್ಣು. ‘ಹೊಡೆದ್ನಾ?’

‘ಇಲ್ಲ.’

‘ಮತ್ತೆ, ನಾಯಿ ಬಂತಾ?’

ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಚ್ಚಗಿತ್ತು, ನಡುಗುತ್ತಿರಲಿಲ್ಲ.

‘ಇನ್ನೂ ಬಂದಿಲ್ಲ’ ಅಂದೆ. ‘ಮಲ್ಕೊಳ್ಳಿ.’